ಯವಸುರೆಯ ನೊರೆ: ಒಂದು ಚಾರಿತ್ರಿಕ ವಿವೇಚನೆ

ಲ್ಯಾಟಿನ್ ಭಾಷೆಯ ‘ಫರ್ವೆರೆ’ ಎಂಬ ಶಬ್ದಕ್ಕೆ ಕುದಿಯುವುದು ಎಂದರ್ಥ. ಇಂಗ್ಲಿಷಿನಲ್ಲಿ ಹುದುಗುವಿಕೆಗೆ ಹೇಳುವ ‘ಫರ್ಮೆಂಟೇಷನ್’ ಎಂಬ ಮಾತು ಇದರಿಂದ ಹುಟ್ಟಿದುದು. ‘ಯೀಸ್ಟ್’ ಎಂಬ ಇನ್ನೊಂದು ಮಾತಿನ ಮೂಲಧಾತುವಿಗೂ ಕುದಿ, ನೊರೆಗಟ್ಟು ಎಂಬ ಅರ್ಥಗಳೇ ಉಂಟು. ಭಾಷಾಶಾಸ್ತ್ರಜ್ಞರು ಸಂಸ್ಕೃತದ ‘ಯಸ್’ ಧಾತುವನ್ನು ಅದರ ಸೋದರವೆಂದು ಎಣಿಸುವರು. ಜರ್ಮನರು ಅದೇ ವಸ್ತುವನ್ನು ‘ಹೇಫೆ’ ಎಂದೂ ಫ್ರೆಂಚರು ‘ಲೆವ್ಯೂರ್’ ಎಂದೂ ಕರೆಯುವರು. ಈ ಎರಡು ಮಾತುಗಳೂ ಎತ್ತುವುದು, ಮೇಲೇಳಿಸುವುದು ಎಂಬ ಅರ್ಥದ ಧಾತುಗಳಿಂದ ಬಂದವು. ಹೀಗೆ ಯುರೋಪಿನ ಭಾಷೆಗಳೆಲ್ಲ ಈ ಕ್ರಿಯೆಯ ಮೇಲುಗಡೆಯನ್ನು, ಎಂದರೆ ಬೆಂಕಿಯಿಲ್ಲದೆ ಕುದಿದು ಉಕ್ಕುವ ನೊರೆಯನ್ನು ನೋಡಿ ಹೆಸರಿಟ್ಟಿರುವುವು. ಕನ್ನಡದಲ್ಲಿಯೂ ‘ಉಕ್ಕು’, ‘ಉಬ್ಬು’ ಎಂಬ ಮಾತುಗಳು ಇದೇ ಜಾತಿಯವು. ಆದರೆ ನಮ್ಮ ‘ಹುದುಗು’ ಎಂಬ ಮಾತಿಗೆ ಅಡಗಿರು, ಮರೆಯಾಗಿರು ಎಂಬ ಅರ್ಥವೂ ಉಂಟೆಂಬುದನ್ನು ವಾಚಕರು ಬಲ್ಲರು. ಈ ಎರಡು ಅರ್ಥಗಳಿಗೂ ಒಂದೇ ಮೂಲವೆಂದು ಸಾಧಿಸಲು ನಾನು ಹೊರಟಿಲ್ಲ. ಆದರೂ ಮೇಲೆ ಉಕ್ಕುವುದಕ್ಕೂ ಒಳಗೆ ಅಡಗಿರುವುದಕ್ಕೂ ಇರುವ ಸಂಬಂಧವೇನೆಂಬ ಪ್ರಶ್ನೆಯೇ ಈ ಲೇಖನದ ವಿಷಯವಾದುದರಿಂದ ಆ ಮಾತನ್ನು ಮೊದಲೇ ನೆನೆದುದು.

ಬಿಯರ್ ಎಂಬುದು ಜವೆಗೋಧಿಯ ಸುರೆ; ಆದುದರಿಂದ ಅದನ್ನು ಯವಸುರೆಯೆನ್ನಬಹುದು. ಜವೆಯನ್ನು ನೆನೆಯಿಟ್ಟು ಮೊಳೆಯಿಸಿ, ಒಣಗಿಸಿ, ಒಡೆದು, ಬಿಸಿನೀರಿನಲ್ಲಿ ಕಲಸಿಟ್ಟರೆ ಅದರ ಹಿಟ್ಟು ಸಕ್ಕರೆಯಾಗಿ ಸಿಹಿರಸ ಇಳಿಯುವುದು. ಆ ರಸವನ್ನು ಹಾಪ್ ಎಂಬ ಬಳ್ಳಿಯ ಕಹಿ ಹೂಗಳೊಡನೆ ಕುದಿಸಿ ಆರಿಸಿ, ಯೀಸ್ಟನ್ನು ಬೆರಸುವರು. ಇಲ್ಲಿಯವರೆಗೆ ಕೆಲಸವೆಲ್ಲ ಮನುಷ್ಯನದು. ಅಲ್ಲಿಂದ ಮುಂದೆ ಅವನು ಪಾತ್ರೆಯ ಪಕ್ಕದಲ್ಲಿ ನಿಂತು ನೋಡತಕ್ಕವನು ಮಾತ್ರ. ಕೆಲವು ಗಂಟೆಗಳಲ್ಲಿ ರಸದ ಮೇಲೆ ತೆಳುವಾದ ಬಿಳಿಯ ಕೆನೆ ಕಟ್ಟುವುದು. ಮರುದಿನ ಅದು ಗುಪ್ಪೆ ಗುಪ್ಪೆಯಾಗಿ ಏಳುವುದು. ಇಂಗ್ಲಿಷ್ ಸುರಾಕಾರರು ಈ ಅವಸ್ಥೆಯನ್ನು ಹೂಕೋಸಿನ ತಲೆಯೆಂದೂ, ಆ ಬಳಿಕ ಕಡಿದಾಗಿ ಎದ್ದು ನಿಲ್ಲುವ ಅವಸ್ಥೆಯನ್ನು ಬಂಡೆಯ ತಲೆಯೆಂದೂ ಕರೆದರು. ಜರ್ಮನರು ನೊರೆಯ ಗುಂಗುರುಗಳನ್ನು ಕಂಡು ಇದಕ್ಕೆ ‘ಕ್ರಾಯ್‍ಸೆನ್’ ಎಂದು ಹೆಸರಿಟ್ಟರು. ಕೊನೆಗೆ ನೊರೆ ಕುಗ್ಗಿ, ಕಂದಿ, ಮಂದವಾದ ಗಸಿಯಂತೆ ಕೂಡುವುದು. ಕೆಲಸ ಬಲ್ಲವನು ಗಡಿಯಾರವನ್ನು ನೋಡದೆ ನೊರೆಯ ರೂಪದಿಂದಲೇ ಹುದುಗು ಎಷ್ಟು ದೂರ ನಡೆದಿದೆಯೆಂಬುದನ್ನು ಹೇಳಬಲ್ಲವನಾಗಿದ್ದನು.

ಈ ಉಕ್ಕಿನ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಲೀಟರ್ ರಸದಲ್ಲಿ ೮೦ ಗ್ರಾಂ ಸಕ್ಕರೆ ಹುದುಗಿತೆಂದು ಇಟ್ಟುಕೊಳ್ಳೋಣ. ತೂಕದಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಮದ್ಯಸಾರವಾಗುವುದು. ಉಳಿದುದು, ಸುಮಾರು ೩೯ ಗ್ರಾಂ, ಇಂಗಾಲಾಮ್ಲವಾಯುವಾಗುವುದು. ಸಾಧಾರಣ ಉಷ್ಣದಲ್ಲಿ ಆ ವಾಯುವಿಗೆ ೨೦ ಲೀಟರಿನಷ್ಟು ಸ್ಥಳ ಬೇಕು. ಎಂದರೆ ಪಾತ್ರೆಯಲ್ಲಿರುವ ದ್ರವದ ಇಪ್ಪತ್ತು ಪಾಲಿನಷ್ಟು ವಾಯು ಎರಡು ಮೂರು ದಿನಗಳಲ್ಲಿ ಅದೇ ದ್ರವವನ್ನು ಸೀಳಿಕೊಂಡು ಹೊರಕ್ಕೆ ಬರಬೇಕು. ನೀರಿನಲ್ಲಾದರೆ ಗುಳ್ಳೆಗಳು ಎದ್ದು ಒಡೆದುಹೋಗುವುವು. ಇಲ್ಲಿ ಜವೆಯ ಪ್ರೋಟೀನುಗಳೂ ಹಾಪಿನ ಕಹಿಯೂ ಗುಳ್ಳೆಯ ಪೊರೆಯನ್ನು ಗಟ್ಟಿಮಾಡುವುದರಿಂದ ಅವು ಒಡೆಯದೆ ಒಂದರ ಮೇಲೊಂದು ನಿಲ್ಲುವುವು. ಬೇಸಗೆಯ ರಾತ್ರಿ ಇಡ್ಲಿಯ ಹಿಟ್ಟನ್ನು ಪಾತ್ರೆಯ ಕಂಠದವರೆಗೆ ತುಂಬಿಟ್ಟ ಗೃಹಿಣಿಗೆ ಬೆಳಗ್ಗೆ ಕಾಣುವ ನೋಟವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ.

ಹೀಗಿರಲು ಸುರಾಕಾರನಿಗೆ ಎರಡು ಸಂಕಟಗಳು. ಪಾತ್ರೆಯನ್ನು ತೆರೆದಿಟ್ಟರೆ ನೊರೆ ಉಕ್ಕಿ ಹರಿದು ರಸವೂ ಯೀಸ್ಟೂ ನಷ್ಟವಾಗುವುವು. ಬಿಗಿಯಾಗಿ ಮುಚ್ಚಿದರೆ ಪಾತ್ರೆಯೇ ಸಿಡಿಯುವುದು. ಎರಡನೆಯದನ್ನು ಕುರಿತು ಬ್ರಸೆಲ್ಸಿನ ವೈದ್ಯನಾದ ವಾನ್ ಹೆಲ್ಮಾಂಟನು ಆಲೋಚಿಸಿದನು. ಹುದುಗುವ ದ್ರಾಕ್ಷಾರಸದಿಂದ ಹೊರಡುವ, ಯಾವ ಪಾತ್ರೆಯಲ್ಲಿಯೂ ಕೂಡಿಹಾಕಲು ಆಗದ ಈ ವಸ್ತುವಿಗೆ ಆತನು ‘ಗ್ಯಾಸ್’ ಎಂಬ ಹೊಸ ಹೆಸರನ್ನು ಕಲ್ಪಿಸಿದನು. ಆತನ ಗ್ರಂಥವು ಆತನ ಮರಣಾನಂತರ ೧೬೪೮ರಲ್ಲಿ ಪ್ರಕಟವಾಯಿತು. ಇಂದು ಅಡಿಗೆಮನೆಯಲ್ಲಿ ದಿನಕ್ಕೆ ಹತ್ತು ಬಾರಿ ಆಡುವ ಆ ಮಾತು ಸುರೆಯ ಪೀಪಾಯಿಯ ನೆರೆಯಲ್ಲಿ ಹುಟ್ಟಿತೆಂಬುದು ವಿನೋದವಾಗಿದೆ.

ಮೊದಲನೆಯ ಸಂಕಟದ ಪರಿಹಾರವೇ ನಮಗೆ ಮುಖ್ಯವಾದುದು. ಅತ್ಯಂತ ಹಳೆಯ ಉಪಾಯವೆಂದರೆ ಪಾತ್ರೆಯ ಮೇಲ್ಭಾಗವನ್ನು ಬರಿದಾಗಿ ಬಿಟ್ಟು, ಎದ್ದ ನೊರೆಯನ್ನು ಕೈಯಿಂದ ಮೊಗೆದು ತೆಗೆಯುವುದು. ಮೊದಲು ಏಳುವ ಕಂದುಬಣ್ಣದ ಕೊಳೆಯನ್ನು ಎಸೆಯುವರು. ನಡುವೆ ಏಳುವ ಬಿಳಿಯ, ದಪ್ಪನಾದ ನೊರೆಯನ್ನು ಜೋಪಾನಮಾಡಿ ಮುಂದಿನ ಸಲದ ರಸಕ್ಕೆ ಬೆರಸುವರು. ಮಿಕ್ಕುದನ್ನು ರೊಟ್ಟಿ ಸುಡುವವರಿಗೆ ಕೊಡುವರು. ಹದಿನೈದನೆಯ ಶತಮಾನದ ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ ಈ ನೊರೆಗೆ ದೇವರ ಒಳ್ಳಿತು ಎಂಬ ಅರ್ಥದ ಹೆಸರೊಂದು ಬಳಕೆಯಲ್ಲಿತ್ತು. ಅದು ದೈವಾನುಗ್ರಹದಿಂದ ಬರುವ ವಸ್ತುವಾದುದರಿಂದ ನೆರೆಯವರಿಗೆ ಇಲ್ಲವೆನ್ನಬಾರದೆಂಬುದು ಅಲ್ಲಿಯ ಭಾವನೆ. ಕಾರಣ ತಿಳಿಯದುದರಿಂದ ದೇವರ ಹೆಸರಿಟ್ಟರೆಂದು ಈಗಿನವರು ನಗುವುದುಂಟು. ಆದರೆ ಹಂಚಿದಷ್ಟೂ ಮರುವಾರ ಮತ್ತೆ ಅಷ್ಟೇ ಬೆಳೆಯುವ ವಸ್ತುವನ್ನು ಬಚ್ಚಿಡುವುದು ಲೋಭವೆಂದು ಆ ಜನರು ಅರಿತಿದ್ದರೆಂಬುದನ್ನು ನಗುವವರು ಗಮನಿಸುವುದಿಲ್ಲ. ೧೫೧೬ರ ಪ್ರಸಿದ್ಧವಾದ ಬವೇರಿಯಾದ ಶಾಸನವು ಬಿಯರಿಗೆ ಜವೆ, ಹಾಪ್, ನೀರು ಈ ಮೂರನ್ನು ಬಿಟ್ಟು ಬೇರೇನನ್ನೂ ಹಾಕಕೂಡದೆಂದು ವಿಧಿಸಿತು. ಯೀಸ್ಟಿನ ಹೆಸರು ಅದರಲ್ಲಿಲ್ಲ. ಆಗಿನವರು ಅದನ್ನು ಅರಿಯರೆಂಬುದಕ್ಕೆ ಇದನ್ನು ಪ್ರಮಾಣವಾಗಿ ಎತ್ತಿ ಹೇಳುವುದು ವಾಡಿಕೆ. ನನಗೆ ಈ ಊಹೆ ಸಾಧುವಾಗಿ ತೋರುವುದಿಲ್ಲ. ಒಂದು ಸಲದ ಗಸಿಯಿಂದ ಮುಂದಿನ ಸಲದ ಹುದುಗನ್ನು ಎಬ್ಬಿಸುವವರು, ಹೆಪ್ಪು ಎರೆಯುವ ನಮ್ಮ ಮನೆಯ ಹೆಂಗಸರು ಹಾಲಿನ ಲೆಕ್ಕದಲ್ಲಿ ಹೆಪ್ಪನ್ನು ಸೇರಿಸದಂತೆ, ಅದನ್ನು ಬೆರಕೆಯ ಪದಾರ್ಥವೆಂದು ಎಣಿಸದಿದ್ದುದು ಸಹಜವೇ ಆಗಿದೆ.

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಿಯರು ಮನೆಯನ್ನು ಬಿಟ್ಟು ಕಾರ್ಖಾನೆಗೆ ಹೋಯಿತು. ಪಾತ್ರೆ ದೊಡ್ಡದಾದಂತೆ ನೊರೆಯ ತೊಡಕೂ ದೊಡ್ಡದಾಯಿತು. ಆಗ ರೂಢಿಗೆ ಬಂದ ಕ್ರಮವನ್ನು ಅವರು ಶುದ್ಧಿಮಾಡುವುದು ಎಂದರು. ದೊಡ್ಡ ತೊಟ್ಟಿಯಲ್ಲಿ ಒಂದೆರಡು ದಿನ ಹುದುಗಿದ ರಸವನ್ನು ಚಿಕ್ಕ ಪೀಪಾಯಿಗಳಿಗೆ ಇಳಿಸಿ, ಅವನ್ನು ಮರದ ದೋಣಿಗಳ ಮೇಲೆ ತುಸು ಓರೆಯಾಗಿ ಮಲಗಿಸುವರು. ನೊರೆಯು ಪೀಪಾಯಿಯ ಬಾಯಿಂದ ಉಕ್ಕಿ ಹೊರಮೈಯ ಮೇಲೆ ಹರಿದು ದೋಣಿಗೆ ಬೀಳುವುದು. ನೊರೆಯೊಡನೆ ಬಿಯರೂ ಸ್ವಲ್ಪ ಹೋಗುವುದರಿಂದ ಒಳಗಿನ ಮಟ್ಟ ಇಳಿಯುವುದು. ಮಟ್ಟವಿಳಿದರೆ ನೊರೆ ಬಾಯಿಯನ್ನು ಮುಟ್ಟದೆ ಒಳಗೇ ಕುಸಿದು ಬಿಯರನ್ನು ಕೆಡಿಸುವುದು. ಆದುದರಿಂದ ಹಗಲಿರುಳು ಆಳುಗಳು ಪೀಪಾಯಿಯಿಂದ ಪೀಪಾಯಿಗೆ ನಡೆದು ಬಿಯರನ್ನು ಮೇಲಿನಿಂದ ತುಂಬುತ್ತಿರಬೇಕಾಗಿದ್ದಿತು. ನೂರಾರು ಪೀಪಾಯಿಗಳುಳ್ಳ ಕಾರ್ಖಾನೆಯಲ್ಲಿ ಇದು ಎಂತಹ ದಾಸ್ಯವೆಂಬುದನ್ನು ಊಹಿಸಿಕೊಳ್ಳಬಹುದು.

ಈ ದಾಸ್ಯವನ್ನು ನೀಗಿದುದು ೧೮೩೮ರಲ್ಲಿ ಪೀಟರ್ ವಾಕರ್ ಎಂಬವನು ಹಕ್ಕುಪತ್ರ ಪಡೆದ ಒಂದು ಏರ್ಪಾಡು. ಟ್ರೆಂಟ್ ನದಿಯ ದಡದ ಬರ್ಟನ್ ಪಟ್ಟಣದಲ್ಲಿ ಅದು ಬಹಳವಾಗಿ ಹಬ್ಬಿದುದರಿಂದ ಬರ್ಟನ್ ಯೂನಿಯನ್ ಎಂದು ಹೆಸರಾಯಿತು. ಇದರಲ್ಲಿ ಸುಮಾರು ೧೫೦ ಗ್ಯಾಲನ್ ಹಿಡಿಯುವ ಓಕ್ ಮರದ ಪೀಪಾಯಿಗಳು ಎರಡು ಸಾಲಾಗಿ ಮಲಗಿರುವುವು. ಪ್ರತಿಯೊಂದರ ನೆತ್ತಿಯಿಂದಲೂ ಹಂಸದ ಕೊರಳಿನಂತೆ ಬಾಗಿದ ಕೊಳವೆಯೊಂದು ಮೇಲಕ್ಕೆ ಹೋಗಿ, ಸಾಲುಗಳ ಮೇಲೆ ಉದ್ದಕ್ಕೂ ಹಾಯುವ ತೊಟ್ಟಿಯೊಳಕ್ಕೆ ಇಳಿಬಿದ್ದಿರುವುದು. ಉಕ್ಕಿದ ನೊರೆ ಕೊಳವೆಯನ್ನು ಹತ್ತಿ ತೊಟ್ಟಿಗೆ ಸುರಿಯುವುದು. ತೊಟ್ಟಿ ತುಸು ಇಳಿಜಾರಾಗಿದೆ. ಅಲ್ಲಿ ಯೀಸ್ಟು ತಂಗಿ, ತಿಳಿಯಾದ ಬಿಯರು ಮತ್ತೊಂದು ಕೊಳವೆಯ ಮೂಲಕ ಪೀಪಾಯಿಗಳಿಗೆ ತಾನಾಗಿ ಹಿಂದಿರುಗಿ ಮಟ್ಟವನ್ನು ಕಾಯುವುದು. ಹೊರಗಿನ ಯಾವ ಯಂತ್ರದ ಬಲವೂ ಬೇಡ. ಯಾವ ಉಕ್ಕು ತೊಂದರೆಯೆನಿಸಿತ್ತೋ ಆ ಉಕ್ಕಿನ ಬಲದಿಂದಲೇ ದ್ರವವು ಹತ್ತುವುದು, ಇಳಿಯುವುದು, ಶುದ್ಧವಾಗುವುದು. ಯಾರ್ಕ್‌ಷೈರಿನವರು ಇದೇ ತತ್ತ್ವವನ್ನು ಕಲ್ಲಿನ ಚೌಕ ತೊಟ್ಟಿಗಳಲ್ಲಿ ಬೇರೊಂದು ಬಗೆಯಲ್ಲಿ ಸಾಧಿಸಿದರು: ತೊಟ್ಟಿಗೆ ಮಹಡಿಯಿಟ್ಟು ನಡುವೆ ದಂಡೆಯುಳ್ಳ ಕಂಡಿಯನ್ನು ಬಿಟ್ಟರೆ ನೊರೆ ಮಹಡಿಗೇರಿ ನಿಲ್ಲುವುದು, ಬಿಯರು ಕೆಳಗಿಳಿಯುವುದು.

ಬರ್ಟನ್ನಿನವರಿಗೆ ಈ ಶುದ್ಧಿಯಲ್ಲಿ ಅಷ್ಟು ಕಾತರವಿದ್ದುದಕ್ಕೆ ನಮ್ಮ ದೇಶವೂ ಒಂದು ಕಾರಣ. ೧೮೨೦ರ ದಶಕದಿಂದ ಆ ಊರಿನ ತಿಳಿಬಣ್ಣದ ಬಿಯರು ಪೀಪಾಯಿಗಳಲ್ಲಿ ಹಿಂದೂದೇಶಕ್ಕೆ ಬರುತ್ತಿದ್ದಿತು. ತಿಂಗಳುಗಟ್ಟಲೆ ಹಡಗಿನಲ್ಲಿ ಕುಲುಕಿ, ಎರಡು ಬಾರಿ ಭೂಮಧ್ಯರೇಖೆಯ ಸೆಕೆಯನ್ನು ದಾಟಿ ಬರಬೇಕಾದ ಪೀಪಾಯಿಯಲ್ಲಿ ಯೀಸ್ಟು ಹೆಚ್ಚಾಗಿ ಉಳಿದಿದ್ದರೆ ದಾರಿಯಲ್ಲಿಯೇ ಮತ್ತೆ ಉಕ್ಕುವ ಭಯ.

ಬವೇರಿಯಾದವರ ಮಾರ್ಗ ಬೇರೆಯಾಗಿದ್ದಿತು. ಅವರು ನೊರೆಗೆ ದಾರಿಮಾಡಿಕೊಡುವುದರ ಬದಲು ಅದನ್ನು ಚಳಿಯಿಂದ ಅಡಗಿಸಿದರು. ೧೫೫೩ರ ಒಂದು ಆಜ್ಞೆಯಂತೆ ಅಲ್ಲಿ ಏಪ್ರಿಲ್ ೨೩ರಿಂದ ಸೆಪ್ಟೆಂಬರ್ ೨೯ರವರೆಗೆ ಬಿಯರ್ ತಯಾರಿಸುವುದು ನಿಷಿದ್ಧವಾಯಿತು. ಚಳಿಗಾಲದಲ್ಲಿ, ನೆಲಮಾಳಿಗೆಯಲ್ಲಿ, ಐದರಿಂದ ಹತ್ತು ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ರಸವು ಮೆಲ್ಲಮೆಲ್ಲನೆ ಹುದುಗುವುದು, ನೊರೆ ತೆಳುವಾಗಿರುವುದು, ಯೀಸ್ಟು ಮೇಲೇರದೆ ತಳದಲ್ಲಿ ಕೂಡುವುದು. ಮುಂದಿನ ಸಲಕ್ಕೆ ಅವರು ತೆಗೆದುಕೊಳ್ಳುತ್ತಿದ್ದುದು ಈ ತಳದ ಗಸಿಯನ್ನು. ೧೮೪೫ರಲ್ಲಿ ಜೆ. ಸಿ. ಯಾಕಬ್‌ಸೆನ್ ಎಂಬ ಡೇನ್ ಸುರಾಕಾರನು ಮ್ಯೂನಿಕ್ಕಿನಿಂದ ಇಂತಹ ಗಸಿಯನ್ನು ಕೋಪನ್‌ಹೇಗನ್ನಿಗೆ ಕೊಂಡೊಯ್ಯುವಾಗ ಗಾಡಿ ನಿಂತೆಡೆಯಲ್ಲೆಲ್ಲ ಅದಕ್ಕೆ ತಣ್ಣೀರೆರೆದು ಕಾಪಾಡಿದನೆಂದು ಹೇಳುವರು. ಹಸುಗೂಸನ್ನು ಕೊಂಡೊಯ್ಯುವ ಎಚ್ಚರ ಅದು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳುವುದು ಅವಶ್ಯಕ. ಇಂಗ್ಲಿಷರು ಶತಮಾನಗಳ ಕಾಲ ಮೇಲಿನ ನೊರೆಯನ್ನು ಮೊಗೆದು ಬಿತ್ತಿದರು. ಬವೇರಿಯನ್ನರು ತಳದ ಗಸಿಯನ್ನು ತೆಗೆದು ಬಿತ್ತಿದರು. ಹೀಗೆ ಮಾಡಿದಾಗ ಒಂದೆಡೆ ಮೇಲೇರುವ ಸ್ವಭಾವವುಳ್ಳ ಯೀಸ್ಟಿಗೆ ಮಾತ್ರ ಸಂತಾನವಾಯಿತು; ಇನ್ನೊಂದೆಡೆ ಚಳಿಯನ್ನು ಸಹಿಸಿ ತಳಕ್ಕಿಳಿಯುವುದಕ್ಕೆ ಮಾತ್ರ ಸಂತಾನವಾಯಿತು. ಒಕ್ಕಲಿಗನು ಒಳ್ಳೆಯ ತೆನೆಯನ್ನು ಆರಿಸಿ ಬೀಜಕ್ಕಿಡುವಂತೆಯೇ ಇದು, ಆದರೆ ಬೀಜವೆಂಬುದನ್ನರಿಯದೆ ಮಾಡಿದುದು. ತಳದ ಯೀಸ್ಟು ಎರಡು ಜಾತಿಗಳ ಸಂಕರವೆಂದು ಈಗ ತಿಳಿದಿದೆ. ಆ ಜಾತಿಗಳಲ್ಲಿ ಚಳಿಗೆ ಒಗ್ಗಿದ ಒಂದನ್ನು ೨೦೧೧ರಲ್ಲಿ ದಕ್ಷಿಣ ಅಮೆರಿಕದ ಪೆಟಗೋನಿಯಾದ ಕಾಡುಗಳಲ್ಲಿ ಗುರುತಿಸಿದರು. ಇದಕ್ಕೆ ವಿಪರ್ಯಯವಾದ ದೃಷ್ಟಾಂತವೊಂದು ಜಪಾನಿನ ಅಕ್ಕಿಯ ಮದ್ಯವಾದ ‘ಸಾಕೆ’ಯಲ್ಲಿ ದೊರೆಯುವುದು. ಅದರ ನೊರೆ ಬಹಳ ಎತ್ತರಕ್ಕೆ ಏಳುವುದರಿಂದ ತೊಟ್ಟಿಯ ಒಂದು ಪಾಲನ್ನು ಬರಿದಾಗಿ ಬಿಡಬೇಕಾಗಿದ್ದಿತು. ರಾತ್ರಿಯೆಲ್ಲ ಕುಳಿತು ನೊರೆಯನ್ನು ಬಡಿದಿಳಿಸುವುದಕ್ಕೆ ಕಾವಲಿನ ಆಳುಗಳಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿಯ ವಿಜ್ಞಾನಿಗಳು ನೊರೆಯೊಡನೆ ಏರಿದ ಯೀಸ್ಟನ್ನೆಲ್ಲ ಮತ್ತೆ ಮತ್ತೆ ತೆಗೆದೆಸೆದು, ಕೆಳಗುಳಿದುದನ್ನು ಬೆಳೆಸಿ, ನೊರೆಗಟ್ಟದ ತಳಿಗಳನ್ನು ಪಡೆದರು. ಯೀಸ್ಟಿನ ಮೈಗೆ ಗುಳ್ಳೆಗಳಿಗಂಟುವ ಗುಣವನ್ನು ಕೊಡುವ ಜೀನನ್ನೂ ಅವರು ಗುರುತಿಸಿದ್ದಾರೆ. ಆದುದರಿಂದ ನೊರೆಯನ್ನು ಮನುಷ್ಯನು ಆಳಿದ ಬಗೆಯು ಪಾತ್ರೆಗಳ ಆಕಾರವನ್ನಷ್ಟೇ ಅಲ್ಲ, ಪಾತ್ರೆಯೊಳಗಿನ ಜೀವಿಯ ಸ್ವಭಾವವನ್ನೂ ತಿದ್ದಿತೆಂಬುದು ನಿರ್ವಿವಾದ. ನಮ್ಮ ಚರಿತ್ರಕಾರರು ಲಿಖಿತ ಪ್ರಮಾಣವಿಲ್ಲದ ಅರಿವನ್ನು ಅರಿವೆಂದು ಒಪ್ಪಲು ಹಿಂಜರಿಯುವರು. ಇಲ್ಲಿಯಾದರೋ ಪ್ರಮಾಣವು ಜೀವಿಯ ಮೈಯಲ್ಲಿಯೇ ಬರೆದಿದೆ.

ಪಂಡಿತರಿಗೆ ಈ ಅರಿವು ಬಂದುದು ಬಹಳ ತಡವಾಗಿ, ಅದೂ ದೊಡ್ಡ ಜಗಳದ ನಂತರ. ನೊರೆಯೊಳಗಿನ ವಾಯುವಿನ ವಿಚಾರ ಮೊದಲು ಸ್ಪಷ್ಟವಾಯಿತು. ಜೋಸೆಫ್ ಪ್ರೀಸ್ಟ್‌ಲಿಯು ೧೭೬೭ರಲ್ಲಿ ಲೀಡ್ಸ್ ಪಟ್ಟಣಕ್ಕೆ ಧರ್ಮೋಪದೇಶಕನಾಗಿ ಬಂದಾಗ ಆತನ ಮನೆಯ ಪಕ್ಕದಲ್ಲಿ ಬಿಯರ್ ಕಾರ್ಖಾನೆಯಿದ್ದಿತು. ಹುದುಗುವ ತೊಟ್ಟಿಯ ಮೇಲೆ ಒಂಬತ್ತು ಅಂಗುಲದಿಂದ ಒಂದು ಅಡಿಯವರೆಗೆ ಕಣ್ಣಿಗೆ ಕಾಣದ ವಾಯುವಿನ ಪದರವೊಂದು ನಿಂತಿರುವುದನ್ನೂ, ಉರಿಯುವ ಕಡ್ಡಿಯನ್ನು ಅದರೊಳಕ್ಕೆ ಇಳಿಸಿದರೆ ಆರಿಹೋಗುವುದನ್ನೂ, ಆರಿದ ಕಡ್ಡಿಯ ಹೊಗೆ ಆ ಪದರದಲ್ಲಿ ತೇಲಿ ತೊಟ್ಟಿಯ ಅಂಚನ್ನು ದಾಟಿ ನೆಲಕ್ಕೆ ಹರಿಯುವುದನ್ನೂ ಆತನು ಕಂಡನು. ಅದನ್ನು ನೀರಿನಲ್ಲಿ ಕರಗಿಸಿ ಸೋಡಾನೀರಿನ ಮೂಲಪುರುಷನಾದನು. ಆದರೆ ಇಂಗಾಲಾಮ್ಲವಾಯುವು ಗಾಳಿಗಿಂತ ಒಂದೂವರೆ ಪಾಲು ಭಾರವಾದುದರಿಂದ ಬರಿದಾದ ತೊಟ್ಟಿಗಳ ತಳದಲ್ಲಿಯೂ ನೆಲಮಾಳಿಗೆಯಲ್ಲಿಯೂ ಮಡುಗಟ್ಟಿ ನಿಲ್ಲುವುದು. ತೊಳೆಯಲು ತೊಟ್ಟಿಗಿಳಿದವನು ಕೂಗಲೂ ಆಗದೆ ಬೀಳುವನು. ಎತ್ತಲು ಹೋದವನೂ ಅವನ ಮೇಲೆಯೇ ಬೀಳುವನು. ಇಳಿಯುವುದಕ್ಕೆ ಮುಂಚೆ ದೀಪವನ್ನು ಇಳಿಬಿಟ್ಟು ನೋಡುವ ಪದ್ಧತಿ ಹೀಗೆ ಬಂದುದು. ನೊರೆಯನ್ನು ಅಲಕ್ಷಿಸಿದರೆ ಬಿಯರು ನಷ್ಟವಾದೀತು. ಈ ವಾಯುವನ್ನು ಅಲಕ್ಷಿಸಿದವರು ಪ್ರಾಣವನ್ನೇ ತೆತ್ತರು.

ಯೀಸ್ಟಿನ ವಿಚಾರ ಇಷ್ಟು ಸುಲಭವಾಗಿ ಇತ್ಯರ್ಥವಾಗಲಿಲ್ಲ. ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್ಕನು ೧೬೮೦ರಲ್ಲಿಯೇ ತನ್ನ ಮಸೂರದಿಂದ ಅದರ ಗುಂಡಾದ ಕಣಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ಆದರೆ ಅವು ಧಾನ್ಯದ ಹಿಟ್ಟಿನಿಂದ ಬಂದ ಕಣಗಳೆಂದು ಭಾವಿಸಿದನು. ೧೭೮೯ರಲ್ಲಿ ಲವೋಸಿಯೇ ಸಕ್ಕರೆಯು ಮದ್ಯಸಾರವೂ ಇಂಗಾಲಾಮ್ಲವೂ ಆಗುವ ಲೆಕ್ಕವನ್ನು ತೂಗಿ ತೋರಿಸಿದನು. ಅವನ ಲೆಕ್ಕದಲ್ಲಿ ಯೀಸ್ಟಿಗೆ ದೊಡ್ಡ ಸ್ಥಾನವಿಲ್ಲ. ಕಡೆಗೆ ೧೮೩೭ರ ಸುಮಾರಿನಲ್ಲಿ ಪ್ಯಾರಿಸ್ಸಿನ ಕಾನ್ಯಾರ್-ಲತೂರ್, ಬರ್ಲಿನ್ನಿನ ಶ್ವಾನ್, ಮತ್ತು ಕ್ಯೂಟ್‌ಸಿಂಗ್ ಎಂಬ ಮೂವರು ಒಬ್ಬರಿಂದೊಬ್ಬರು ಸ್ವತಂತ್ರರಾಗಿ, ಈ ಕಣಗಳು ಮೊಗ್ಗೊಡೆದು ಹೆಚ್ಚುವುವು, ಆದುದರಿಂದ ಸಜೀವವಾದುವು, ಹುದುಗು ಅವುಗಳ ಬಾಳಿನ ವ್ಯಾಪಾರ ಎಂದು ಸಾರಿದರು. ಬರ್ಟನ್ನಿನ ಏರ್ಪಾಡಿಗೆ ಹಕ್ಕುಪತ್ರ ದೊರೆತುದು ಇದರ ಮರುವರ್ಷ. ಅತ್ತ ಕಾರ್ಖಾನೆಯಲ್ಲಿ ಯೀಸ್ಟನ್ನು ಎತ್ತಿ ಕೂಡಿಸಲು ಹಂಸಕೊಳವೆಗಳನ್ನು ಜೋಡಿಸುತ್ತಿದ್ದಾಗ ಇತ್ತ ವಿದ್ಯಾಪೀಠಗಳಲ್ಲಿ ಅದು ಜೀವಿಯೋ ಅಲ್ಲವೋ ಎಂದು ವಾದ ನಡೆಯುತ್ತಿದ್ದಿತು.

ವಾದವು ಹಾಸ್ಯಕ್ಕೂ ಇಳಿಯಿತು. ೧೮೩೯ರಲ್ಲಿ ಲೀಬಿಗ್ ಮತ್ತು ವೂಲರ್ ಎಂಬ ಮಹಾರಸಾಯನಜ್ಞರ ಪತ್ರಿಕೆಯಲ್ಲಿ ಹೆಸರಿಲ್ಲದ ಲೇಖನವೊಂದು ಬಂದಿತು. ಯೀಸ್ಟು ಭಟ್ಟಿಯ ಪಾತ್ರೆಯ ಆಕಾರದ ಸಣ್ಣ ಪ್ರಾಣಿಗಳೆಂದೂ, ಅವು ಸಕ್ಕರೆಯನ್ನು ನುಂಗಿ ಒಂದು ದ್ವಾರದಿಂದ ಮದ್ಯಸಾರವನ್ನೂ ಇನ್ನೊಂದರಿಂದ ಇಂಗಾಲಾಮ್ಲವನ್ನೂ ವಿಸರ್ಜಿಸುವುವೆಂದೂ ಅದರಲ್ಲಿ ಅಣಕವಾಡಿದ್ದರು. ಅವರಿಬ್ಬರೇ ಅದನ್ನು ಬರೆದವರು. ಲೀಬಿಗ್ಗನನ್ನು ಹಠಮಾರಿಯೆಂದು ಚಿತ್ರಿಸುವುದು ಈಗ ಸುಲಭ. ಆದರೆ ಪ್ರತಿಯೊಂದು ಕ್ರಿಯೆಗೂ ‘ಜೀವಶಕ್ತಿ’ಯೆಂಬ ಹೆಸರಿಟ್ಟು ಸುಮ್ಮನಾಗುವ ಅಭ್ಯಾಸವನ್ನು ಮುರಿಯಲು ಆತನು ಹೋರಾಡುತ್ತಿದ್ದನೆಂಬುದನ್ನು ಮರೆಯಬಾರದು. ಪ್ಯಾಸ್ಟರನು ೧೮೫೭ರಿಂದ ಮಾಡಿದ ಪ್ರಯೋಗಗಳು ಜೀವಪಕ್ಷವನ್ನು ಗೆಲ್ಲಿಸಿದುವು. ೧೮೭೧ರಲ್ಲಿ ಆತನು ಲಂಡನ್ನಿನ ವಿಟ್‌ಬ್ರೆಡ್ ಕಾರ್ಖಾನೆಗೆ ಹೋಗಿ ಅಲ್ಲಿಯ ಯೀಸ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರಲ್ಲಿ ಬೆರೆತಿದ್ದ ಪರಜೀವಿಗಳನ್ನು ತೋರಿಸಿ, ಆ ಬಿಯರು ಕೆಡುವ ಕಾರಣವನ್ನು ಹೇಳಿದನು. ಆತನು ಮತ್ತೆ ಅಲ್ಲಿಗೆ ಹೋಗುವಷ್ಟರಲ್ಲಿ ಅವರು ಸೂಕ್ಷ್ಮದರ್ಶಕವೊಂದನ್ನು ಕೊಂಡಿದ್ದರಂತೆ. ಬಿಯರನ್ನು ಕುರಿತ ಆತನ ಗ್ರಂಥ ೧೮೭೬ರಲ್ಲಿ ಹೊರಬಂದಿತು. ಯಾಕಬ್‌ಸೆನ್ನನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹಾನ್‌ಸೆನ್ನನು ೧೮೮೩ರಲ್ಲಿ ಒಂದೇ ಒಂದು ಕಣದಿಂದ ಶುದ್ಧ ತಳಿಯನ್ನು ಬೆಳೆಸಿದನು. ಯಾಕಬ್‌ಸೆನ್ನನು ಅದನ್ನು ಗುಟ್ಟಾಗಿಡದೆ ಇತರ ತಯಾರಕರಿಗೂ ಹಂಚಿದನು. ನಾರಿಚ್ಚಿನವರ ಹಳೆಯ ಭಾವನೆ ಇಲ್ಲಿ ನೆನಪಾಗದೆ ಇರದು.

ಜಗಳ ಮುಗಿಯಿತೆಂದು ಎಲ್ಲರೂ ತಿಳಿದಿದ್ದಾಗ ನೊರೆಯೇ ಮತ್ತೊಮ್ಮೆ ಸಾಕ್ಷಿ ನುಡಿಯಿತು. ೧೮೯೭ರಲ್ಲಿ ಎಡ್ವರ್ಡ್ ಬುಖ್ನರನು ಯೀಸ್ಟನ್ನು ಮರಳಿನೊಡನೆ ಅರೆದು, ಹಿಂಡಿ, ಕಣಗಳಿಲ್ಲದ ರಸವನ್ನು ಪಡೆದಿದ್ದನು. ಆ ರಸ ಕೆಡದಿರಲೆಂದು, ಹಣ್ಣಿಗೆ ಸಕ್ಕರೆ ಹಾಕಿಡುವಂತೆ, ಅದಕ್ಕೆ ಸಕ್ಕರೆಯನ್ನು ಹಾಕಲು ಗುಳ್ಳೆಗಳು ಏಳತೊಡಗಿದುವು. ಜೀವವಿಲ್ಲದ ರಸವು ಹುದುಗುತ್ತಿದ್ದಿತು! ಕೆಲಸ ಮಾಡುವುದು ಯೀಸ್ಟಿನೊಳಗೆ ಅಡಗಿರುವ ಒಂದು ವಸ್ತುವೆಂದೂ, ಅದನ್ನು ಹೊರದೆಗೆದರೂ ಅದು ಕೆಲಸ ಮಾಡುವುದೆಂದೂ ಇದರಿಂದ ಸಿದ್ಧವಾಯಿತು. ಪ್ಯಾಸ್ಟರ್ ಲೀಬಿಗ್ ಇಬ್ಬರ ಮಾತಿನಲ್ಲಿಯೂ ಒಂದೊಂದು ಪಾಲು ನಿಜವಿದ್ದಿತು. ಅವರಿಬ್ಬರೂ ಆಗ ಬದುಕಿರಲಿಲ್ಲ. ಬುಖ್ನರನಿಗೆ ೧೯೦೭ರಲ್ಲಿ ನೊಬೆಲ್ ಬಹುಮಾನ ಬಂದಿತು. ಇಂತಹ ವಸ್ತುಗಳಿಗೆ ಕ್ಯೂನೆ ಎಂಬ ಜರ್ಮನ್ ಪಂಡಿತನು ಇಪ್ಪತ್ತು ವರ್ಷಗಳ ಹಿಂದೆಯೇ ‘ಎನ್‌ಜೈಮ್’ ಎಂದು ಹೆಸರಿಟ್ಟಿದ್ದನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ‘ಹುಳಿಯೊಳಗಿರುವುದು’ ಎಂದರ್ಥ.

ಇಷ್ಟರಲ್ಲಿ, ಯುರೋಪಿನ ಪಾತ್ರೆಗಳಲ್ಲಿ ನೊರೆ ಉಕ್ಕುತ್ತಿದ್ದ ಕಾಲದಲ್ಲಿ ಮನೆಯಲ್ಲಿಯೇ ಬಿಯರ್ ಮಾಡಿಕೊಳ್ಳುತ್ತಿದ್ದವರು ಏನಾದರೆಂಬುದನ್ನು ಹೇಳಬೇಕು. ಇಂಗ್ಲೆಂಡಿನಲ್ಲಿ ೧೮೮೦ರ ಕಾಯಿದೆಯಿಂದ ಅವರಿಗೂ ಪರವಾನಗಿ ಬೇಕಾಯಿತು. ೧೯೬೩ರಲ್ಲಿ ಅದು ರದ್ದಾಯಿತು; ಅಮೆರಿಕದಲ್ಲಿ ೧೯೭೮ರ ಕಾಯಿದೆಯು ಮನೆಬಳಕೆಯ ತಯಾರಿಕೆಗೆ ಎಡೆಕೊಟ್ಟಿತು. ಈಗ ಆ ದೇಶಗಳಲ್ಲಿ ಗಾಜಿನ ಜಾಡಿಯಲ್ಲಿ ಬಿಯರ್ ಮಾಡುವ ಹವ್ಯಾಸಿಗಳು ಅಸಂಖ್ಯರು. ಅವರ ಸಂಕಟವೂ ಹಳೆಯದೇ: ವಾಯು ಹೊರಹೋಗುವ ಸಣ್ಣ ಕೊಳವೆಯನ್ನು ನೊರೆ ಕಟ್ಟಿಬಿಟ್ಟರೆ ಬಿರಡೆ ಚಿಮ್ಮಿ ಸೂರಿಗೆ ಬಡಿಯುವುದು, ಇಲ್ಲವೆ ಜಾಡಿಯೇ ಒಡೆಯುವುದು. ಅವರ ಪರಿಹಾರವೂ ಹಳೆಯದೇ. ಜಾಡಿಯ ಐದರಲ್ಲೊಂದು ಪಾಲನ್ನೋ ನಾಲ್ಕರಲ್ಲೊಂದು ಪಾಲನ್ನೋ ಬರಿದುಬಿಟ್ಟು, ರಸವನ್ನು ತಂಪಾಗಿಟ್ಟು, ಬಾಯಿಗೆ ಅಗಲವಾದ ಬಾಗುಗೊಳವೆಯನ್ನು ಸಿಕ್ಕಿಸಿ, ಅದರ ತುದಿಯನ್ನು ನೀರಿನ ಪಾತ್ರೆಯೊಳಗೆ ಇಳಿಬಿಡುವರು. ಅದು ವಾಕರನ ಹಂಸಕೊಳವೆಯೇ ಸರಿ. ಹಿಂದಿರುಗುವ ದಾರಿಯೊಂದು ಇಲ್ಲ. ಬರ್ಟನ್ನಿನಲ್ಲಿ ಕೊನೆಯವರೆಗೆ ಆ ಪೀಪಾಯಿಗಳನ್ನು ಉಳಿಸಿಕೊಂಡಿದ್ದುದು ಮಾರ್ಸ್ಟನ್ಸ್ ಕಾರ್ಖಾನೆ. ೨೦೨೪ರಲ್ಲಿ ಅಲ್ಲಿಯೂ ಅವುಗಳ ಬಳಕೆ ನಿಂತಿತು. ಒಂದು ಜೋಡಣೆಯನ್ನು ಮಾತ್ರ ಡಾರ್ಬಿಷೈರಿನ ಥಾರ್ನ್‌ಬ್ರಿಜ್ ಕಾರ್ಖಾನೆಯವರು ಕೊಂಡೊಯ್ದು ನಡೆಸತೊಡಗಿದರು.

ಇನ್ನು ನಮ್ಮ ಕಡೆಯ ಮಾತು. ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯೊಂದರಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದುದೂ, ೧೯೦೯ರಲ್ಲಿ ಮೂಲವನ್ನು ಅಚ್ಚುಮಾಡಿಸಿದುದೂ ವಾಚಕರಿಗೆ ತಿಳಿದುದೇ. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಪ್ರಕರಣವೊಂದಿದೆ. ರಾಜನೀತಿಯ ಚರ್ಚೆಯಲ್ಲಿ ಮುಳುಗಿದವರು ಅದನ್ನು ಹಾಯ್ದುಹೋಗುವುದೇ ಹೆಚ್ಚು. ಅಲ್ಲಿ ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಬಗೆಯ ಮದ್ಯಗಳನ್ನು ಹೇಳಿದೆ. ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ಆ ಕಿಣ್ವವನ್ನು ಮಾಡುವ ಕ್ರಮವೂ ಪ್ರತ್ಯೇಕವಾಗಿ ಹೇಳಲ್ಪಟ್ಟಿದೆ: ಹಸಿಯದೋ ಬೆಂದುದೋ ಒಂದು ದ್ರೋಣ ಉದ್ದಿನ ಹಿಟ್ಟಿಗೆ ಅಕ್ಕಿಯನ್ನೂ, ಮೋರಟವೇ ಮೊದಲಾದ ಮೂಲಿಕೆಗಳನ್ನು ಕರ್ಷದಷ್ಟೂ ಸೇರಿಸುವುದು. ಇಲ್ಲಿ ಹುದುಗನ್ನು ಎಬ್ಬಿಸುವ ವಸ್ತುವು, ಬವೇರಿಯಾದ ಶಾಸನದಲ್ಲಿಯಂತೆ ಹೆಸರಿಲ್ಲದೆ ಅಡಗಿಲ್ಲ. ಅಕ್ಕಿ ನೀರುಗಳಂತೆ ತಾನೂ ಒಂದು ಪದಾರ್ಥವಾಗಿ, ಅಳತೆಯುಳ್ಳುದಾಗಿ ಎಣಿಕೆಗೆ ಬಂದಿದೆ. ಸುರೆಯನ್ನೂ ಕಿಣ್ವವನ್ನೂ ಆಯುವ ಕೆಲಸ ಹೆಂಗಸರದು, ಮಕ್ಕಳದು ಎಂದೂ ಗ್ರಂಥ ಹೇಳುತ್ತದೆ. ಆಯುವುದೆಂದರೆ ಇಲ್ಲಿ ಏನೆಂಬುದು ವಿಚಾರಣೀಯ. ನಮ್ಮ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದಷ್ಟೆ. ಆದರೆ ಕವಿಯ ಕಣ್ಣು ಬಟ್ಟಲಿನ ಮೇಲೆಯೇ ಹೊರತು ಹೆಂಗಸರೂ ಮಕ್ಕಳೂ ಕುಳಿತಿದ್ದ ಕೊಪ್ಪರಿಗೆಯ ಬಳಿಗೆ ಹೋಗುವುದು ವಿರಳ.

ಕಿಣ್ವವು ದರ್ಶನಶಾಸ್ತ್ರಕ್ಕೂ ಹೋಯಿತು. ಮಾಧವನ ಸರ್ವದರ್ಶನಸಂಗ್ರಹದ ಮೊದಲ ಪ್ರಕರಣದಲ್ಲಿ ಚಾರ್ವಾಕನ ವಾದವು ಬರುವುದು. ಕಿಣ್ವಾದಿಗಳಿಂದ ಮದಶಕ್ತಿಯು ಹೇಗೆ ಉಂಟಾಗುವುದೋ ಹಾಗೆಯೇ ದೇಹಾಕಾರವಾಗಿ ಪರಿಣಮಿಸಿದ ಭೂತಗಳಿಂದ ಚೈತನ್ಯವು ಉಂಟಾಗುವುದು, ಅದಕ್ಕೆ ಬೇರೆ ಆತ್ಮನು ಬೇಡವೆಂಬುದು ಅವನ ಮತ. ಬಿಡಿಯಾದ ಅಕ್ಕಿಯಲ್ಲಾಗಲಿ ನೀರಿನಲ್ಲಾಗಲಿ ಮದವಿಲ್ಲ, ಕೂಡಿದರೆ ಮದವುಂಟು. ಜಡದಿಂದ ಚೇತನಕ್ಕೆ ದಾರಿಯುಂಟೋ ಎಂಬ ಪ್ರಶ್ನೆಗೆ ಚಾರ್ವಾಕನು ದೃಷ್ಟಾಂತವಾಗಿ ಹಿಡಿದುದು, ಲೀಬಿಗ್ ಪ್ಯಾಸ್ಟರರು ಅದೇ ಪ್ರಶ್ನೆಗಾಗಿ ಕಾದಾಡಿದುದು, ಎರಡೂ ಒಂದೇ ಕೊಪ್ಪರಿಗೆಯ ನೊರೆಯನ್ನು. ಪ್ಯಾಸ್ಟರನ ಪ್ರಯೋಗಗಳನ್ನು ಕಂಡಿದ್ದರೆ ಚಾರ್ವಾಕನ ಪ್ರತಿವಾದಿಗಳು, ನಿನ್ನ ಕಿಣ್ವವೇ ಸಚೇತನವಾದುದರಿಂದ ನಿನ್ನ ದೃಷ್ಟಾಂತವು ಅಸಿದ್ಧವೆಂದು ಹೇಳಬಹುದಾಗಿದ್ದಿತು. ಬುಖ್ನರನನ್ನು ಕಂಡಿದ್ದರೆ ಚಾರ್ವಾಕನು ಅದಕ್ಕೂ ಉತ್ತರ ಕೊಡುತ್ತಿದ್ದನು.

ಕನ್ನಡದಲ್ಲಿ ವಿಜ್ಞಾನವನ್ನು ಬರೆಯತೊಡಗಿದವರು ‘ಎನ್‌ಜೈಮ್’ ಎಂಬುದಕ್ಕೆ ಈ ಕಿಣ್ವವೆಂಬ ಮಾತನ್ನೇ ಕೊಟ್ಟರು. ಶಾಲೆಯ ಪುಸ್ತಕಗಳಲ್ಲಿ ಈಗ ಅದೇ ರೂಢಿ. ಹಿಂದಿಯವರು ‘ಕಿಣ್ವನ’ವೆಂದು ಮಾಡಿಕೊಂಡು ಅದನ್ನು ಹುದುಗುವಿಕೆಗೇ ಉಳಿಸಿಕೊಂಡರು. ಗ್ರೀಕ್ ಪದವು ಹುಳಿಯಿಂದ ಹುಳಿಯೊಳಗಣ ವಸ್ತುವಿಗೆ ಸಾಗಿದ ದಾರಿಯಲ್ಲಿಯೇ ನಮ್ಮ ಪದವೂ ಸಾಗಿದುದರಿಂದ ಕನ್ನಡದವರ ಆಯ್ಕೆಯನ್ನು ನಾನು ತಪ್ಪೆನ್ನಲಾರೆ. ಆದರೆ ಇದರಿಂದ ಒಂದು ಇಕ್ಕಟ್ಟು ಒದಗಿದೆ. ಸುರಾಧ್ಯಕ್ಷನ ಪ್ರಕರಣವನ್ನು ಪಾಠ ಹೇಳುವ ಉಪಾಧ್ಯಾಯನು ಅಲ್ಲಿಯ ಕಿಣ್ವವು ವಿಜ್ಞಾನದ ತರಗತಿಯ ಕಿಣ್ವವಲ್ಲವೆಂದು ಬಿಡಿಸಿ ಹೇಳಬೇಕು. ಉದ್ದಿನ ಹಿಟ್ಟಿನಲ್ಲಿ ಬೆಳೆದು ಅಕ್ಕಿಯ ಗಂಜಿಯನ್ನು ಉಕ್ಕಿಸುತ್ತಿದ್ದ ಜೀವಿಗೆ ಹೆಸರು ಬೇಕಾದಾಗ ನಾವು ಇಂಗ್ಲಿಷಿನಿಂದ ‘ಯೀಸ್ಟ್’ ಎಂಬುದನ್ನು ಕಡತಂದಿದ್ದೇವೆ. ಸಂಸ್ಕೃತದ ‘ಯಸ್’ ಧಾತುವಿನ ನಂಟು ಅದಕ್ಕಿರುವುದನ್ನು ಮೊದಲೇ ಹೇಳಿದೆ.